ಮಲ್ಲಕ್ಕನ ಮನೆಯಲ್ಲಿ ಏನೂ ಕೆಟ್ಟಿಲ್ಲ

ನಮ್ಮ ಮನೆಗೂ ಮಲ್ಲಕ್ಕನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವಳು ರೊಟ್ಟಿ ಬಡಿದರೆ ಈ ಕಡೆ ಕೂತ ನನಗೆ ಅದು ಎಷ್ಟನೆಯ ರೊಟ್ಟಿ ಎಂಬುದು ತಿಳಿಯುತ್ತದೆ. ಹೀಗಾಗಿ ಅವಳ ಸಂಸಾರದಲ್ಲಿ ನಾನು ಮೂಗು ತೂರಿಸಿದೆ ಎಂದು ಯಾರೂ ದೂರಬಾರದು. ನನ್ನ ಮೂಗು ಮದುವೆಯಾಗಿ ಬಂದ ದಿನದಿಂದಲೂ ಅಲ್ಲೇ ಇದೆ.

ನಾನು ಶಾಯಿಸ್ತಾ, ಬೇವೂರಿನ ಅಂಗನವಾಡಿ ಟೀಚರ್. ಮಲ್ಲಕ್ಕ ಎಂದರೆ ಮಲ್ಲೇಶ್ವರಿ, ನನಗಿಂತ ಆರು ವರ್ಷ ದೊಡ್ಡವಳು, ಈಗ ನಲವತ್ತೆರಡು. ಮಗಳು ಅಮೃತಾ ಕುಷ್ಟಗಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಗಂಡ ಪ್ರಭುರಾಜಣ್ಣ ಗಿಣಿಗೇರಾ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅಲ್ಲೇ ನಾಲ್ಕು ಜನ ಸೇರಿ ಒಂದು ರೂಮು ಹಿಡಿದಿದ್ದಾರೆ. ನಡುವೆ ಬಸ್ಸು ಬದಲಿಸಬೇಕು, ಶಿಫ್ಟು ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ದಿನಾ ಹೋಗಿಬರುವುದು ಆಗದ ಮಾತು. ಇವಳು ಅಲ್ಲಿಗೆ ಹೋಗೋಣವೆಂದರೆ ನಾಲ್ಕು ಎಕರೆ ಎರೆಹೊಲ, ಎರಡು ಎಮ್ಮೆ. ಅವನ್ನು ಯಾರ ಕೈಗೆ ಕೊಟ್ಟು ಹೋಗುವುದು?

ಮೊದಲೆಲ್ಲ ಪ್ರಭುರಾಜಣ್ಣ ವಾರದ ರಜೆಗೆ ತಪ್ಪದೆ ಬರುತ್ತಿದ್ದ. ಆಮೇಲೆ ಓವರ್‌ಟೈಮ್ ಶುರುವಾಯಿತು, ಮೈಗೂ ವಯಸ್ಸಾಯಿತು. ವಾರಕ್ಕೊಮ್ಮೆ ಬರುವವನು ಹದಿನೈದು ದಿನಕ್ಕೆ, ಹದಿನೈದು ದಿನದವನು ತಿಂಗಳಿಗೆ ಬಂದ. ಬಂದರೂ ಏನು? ಉಂಡು, ಎಳೆಬಿಸಿಲಿಗೆ ಕೂತು, ಒಂದು ನಿದ್ದೆ ತೆಗೆದು ಹೋಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇಲ್ಲದಿದ್ದರೆ ಬಾಯಿ ಬಿಚ್ಚಲು ಬಾರದ ಜಾತಿ, ಅಷ್ಟೆ.

ಅದು ಗೊತ್ತಾಗಿದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ. ಎಮ್ಮೆ ಗೂಟ ಕಿತ್ತುಕೊಂಡು ಓಡಿ ಬಚ್ಚಲ ಬಾಗಿಲಿಗೆ ಗುದ್ದಿತು. ಬಿಜಾಗರಿ ಕಿತ್ತು ಬಾಗಿಲು ಒಂದೇ ಬದಿಗೆ ಜೋತುಬಿತ್ತು. ಮಲ್ಲಕ್ಕ ಫೋನ್ ಮಾಡಿ ಹೇಳಿದ್ದು ಬುಧವಾರ. ಗುರುವಾರ ಬೆಳಿಗ್ಗೆ ಪ್ರಭುರಾಜಣ್ಣ ಯಾರ ಜೊತೆಗೋ ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲಿದ್ದ! ದಿನವಿಡೀ ಆ ಬಾಗಿಲ ಮುಂದೆ ಕೂತ. ಇವಳು ಸ್ಕ್ರೂಗಳನ್ನು ಸೆರಗಿನಲ್ಲಿ ಹಿಡಿದು ಪಕ್ಕದಲ್ಲಿ ಕೂತು, ಕೇಳಿದಾಗ ಒಂದೊಂದೇ ಕೊಡುತ್ತಿದ್ದಳು. ಕೈಗೆ ಕೆಲಸ ಸಿಕ್ಕಿದ್ದೇ ತಡ, ಮನುಷ್ಯನ ಬಾಯಿಂದ ಮಾತು ಹೊರಟಿತು. ರೂಮಿನಲ್ಲಿ ಯಾರೋ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಹೊಸ ಸೂಪರ್‌ವೈಸರ್ ಗೊರಕೆ ಹೊಡೆಯುತ್ತ ಸಿಕ್ಕಿಬಿದ್ದದ್ದು. ಮಲ್ಲಕ್ಕ ನಕ್ಕಿದ್ದು ನಮ್ಮ ಅಡಿಗೆಮನೆಗೆ ಕೇಳಿತು. ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿ ವರ್ಷವಾಗಿತ್ತು.

ಅಲ್ಲಿಂದ ಆ ಮನೆಯಲ್ಲಿ ಸಾಮಾನುಗಳು ಕೆಡತೊಡಗಿದವು. ಒಂದು ತಿಂಗಳು ನಳದ ವಾಷರ್ ಹೋಯಿತು. ಇನ್ನೊಂದು ತಿಂಗಳು ಪಡಸಾಲೆಯ ಸ್ವಿಚ್ಚು ಕಿತ್ತು ಬಂತು. ಮಲಗುವ ಹೊರಸಿನ ಹಗ್ಗ ಕಾಲ ಬಳಿ ಬಿಚ್ಚಿಕೊಂಡಿತು, ತಲಬಾಗಿಲ ಚಿಲಕ ಸಡಿಲವಾಯಿತು, ಪಾತ್ರೆ ಇಡುವ ಹಲಗೆ ಮೊಳೆ ಸಮೇತ ಕೆಳಗೆ ಬಂತು. ಒಂದೊಂದಕ್ಕೂ ಒಂದು ಫೋನು, ಒಂದೊಂದು ಫೋನಿಗೂ ಪ್ರಭುರಾಜಣ್ಣ ಹಾಜರ್. ನಮ್ಮದೂ ಅದೇ ಕಾಲದ ಮನೆ, ಅದೇ ಗೋಡೆ, ಅದೇ ನಳ. ನಮ್ಮಲ್ಲಿ ಕೆಡದ್ದು ಅವಳಲ್ಲಿ ಮಾತ್ರ ಯಾಕೆ ಕೆಡುತ್ತದೆ ಎಂದು ನಾನು ನನ್ನ ಗಂಡ ಫಾರೂಕರನ್ನು ಕೇಳಿದೆ.

"ಆ ಮನೀಗೆ ಯಾರದೋ ದೃಷ್ಟಿ ಬಿದ್ದೈತಿ ನೋಡು," ಎಂದರು.

ಫಾರೂಕರದು ಊರ ಮುಂದೆ ಪಂಕ್ಚರ್ ಅಂಗಡಿ. ಲಾರಿಯ ಗಾಲಿ ಬಿಚ್ಚಿ ಹಾಕುವ ಮನುಷ್ಯ, ಮನೆಯಲ್ಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಿರಿ ಎಂದರೆ ಮೂರು ತಿಂಗಳು. ಇದ್ದೂರಲ್ಲೇ ಇರುವ ಗಂಡನಿಂದ ಕೆಲಸ ಮಾಡಿಸುವುದು ಇನ್ನೂ ಕಷ್ಟ ಎಂದು ನಾನು ಮಲ್ಲಕ್ಕನಿಗೆ ಹೇಳಿದ್ದೆ. ಅವಳು ನಗಲಿಲ್ಲ. "ಇದ್ದೂರಾಗ ಅದಾರಲ್ಲ, ಅಷ್ಟ ಸಾಕು ತಗೊ," ಎಂದಿದ್ದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನಿಗೆ "ನೆನಪಾಗ್ತೈತಿ, ಬರ್ರಿ" ಎಂದು ಹೇಳುವ ರೂಢಿ ಇಲ್ಲ. ಹೊರಗೆ ದುಡಿಯುವವರಿಗೆ ಹೋಗುವ ಫೋನುಗಳನ್ನು ಕೇಳಿ ನೋಡಿ. ಎಮ್ಮೆ ಮೇವು ಮುಟ್ಟುತ್ತಿಲ್ಲ, ಕಡಲೆಗೆ ಹುಳ ಬಿದ್ದಿದೆ, ಬೋರಿನ ನೀರು ಸಣ್ಣದಾಗಿದೆ, ಹಿತ್ತಲ ಗೋಡೆ ಬಾಗಿದೆ. ಇಡೀ ಊರಿನ ಹೆಂಗಸರು ಹೀಗೇ ಮಾತಾಡುತ್ತಾರೆ. ಮನೆ ಕರೆಯಬಹುದು, ಹೊಲ ಕರೆಯಬಹುದು, ಹೆಂಗಸು ಮಾತ್ರ ಕರೆಯುವಂತಿಲ್ಲ. ಕರೆದರೆ ನಾಚಿಕೆಗೆಟ್ಟವಳು. ನನಗೆ ಈ ರೂಢಿ ಕಂಡರೆ ಮೈ ಉರಿಯುತ್ತದೆ, ಆದರೆ ಗಂಡ ಪರವೂರಿಗೆ ಹೋಗಿದ್ದಾಗ ನಾನೂ ಫೋನಿನಲ್ಲಿ ಗ್ಯಾಸ್ ಮುಗಿದಿದೆ ಎಂದೇ ಹೇಳಿದ್ದೇನೆ.

ಈ ಸಲದ ಚಳಿಗಾಲ ಬೇಗ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಡ್ಡೆಗಟ್ಟಿತು. ಬೆಳಿಗ್ಗೆ ಏಳಕ್ಕೆ ಓಣಿಯ ಮುದುಕಿಯರು ಕೌದಿ ಹೊದ್ದು ಪೂರ್ವದ ಗೋಡೆಗೆ ಬೆನ್ನು ಕೊಟ್ಟು ಕೂತರೆ ಒಂಬತ್ತರ ತನಕ ಏಳುತ್ತಿರಲಿಲ್ಲ. ಹೊಲದಲ್ಲಿ ಜೋಳ ಹೊಡೆ ಬಿಚ್ಚಿತ್ತು. ಕೆಲಸ ಕಡಿಮೆ, ಹೊತ್ತು ಹೋಗುತ್ತಿರಲಿಲ್ಲ. ಪ್ರಭುರಾಜಣ್ಣ ಬಂದು ಐದು ವಾರವಾಗಿತ್ತು. ಮಲ್ಲಕ್ಕ ಒಬ್ಬಳಿಗೇ ಎರಡು ಸಜ್ಜೆ ರೊಟ್ಟಿ ಬಡಿದು ಒಲೆ ಆರಿಸಿಬಿಡುತ್ತಿದ್ದಳು.

ಒಂದು ಮುಂಜಾನೆ ಮೆಣಸಿನಕಾಯಿ ಒಣಹಾಕಲು ನಾನು ಮಾಳಿಗೆ ಹತ್ತಿದೆ. ನಮ್ಮ ಎರಡೂ ಮನೆಗಳ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಆ ಕಡೆ ಮಲ್ಲಕ್ಕ ಬೆಳಕಿಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕುಡುಗೋಲಿನ ತುದಿಯಿಂದ ಮಣ್ಣು ಕೆದರುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ಇಲಿ ತೋಡ್ಯಾವು, ನೋಡಾಕತ್ತೀನಿ," ಎಂದಳು.

ಇಲಿಗಳು ಕುಡುಗೋಲು ಹಿಡಿಯುವುದಿಲ್ಲ ಎಂದು ನನಗೆ ಆಗಲೇ ಅನಿಸಬೇಕಿತ್ತು. ಅಂಗನವಾಡಿಗೆ ಹೊತ್ತಾಗಿತ್ತು, ಇಳಿದು ಹೋದೆ.

ನಾಲ್ಕನೆಯ ದಿನ ಯಾರೂ ಎಣಿಸದ ಮಳೆ ಬಂತು. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯವರು ಹೇಳುತ್ತಿದ್ದರು. ಸಮುದ್ರ ಎಲ್ಲಿ, ಬೇವೂರು ಎಲ್ಲಿ! ಎರಡು ಹಗಲು ಬಿಡದೆ ಸುರಿಯಿತು. ಮಲ್ಲಕ್ಕ ಕೆದರಿದ ತೂತು ಮೊದಲು ತಟ್ಟೆಯಷ್ಟಾಯಿತು, ಆಮೇಲೆ ಬುಟ್ಟಿಯಷ್ಟಾಯಿತು. ಬೆಳಕಿಂಡಿಯ ಅಂಚಿನಿಂದ ಇಳಿದ ನೀರನ್ನು ನಡುವಿನ ಗೋಡೆ ಕುಡಿಯಿತು. ಎರಡನೆಯ ದಿನ ಮಧ್ಯಾಹ್ನ ನಮ್ಮ ಕಡೆಯ ಗಿಲಾವು ಕೌದಿಯಷ್ಟು ಅಗಲ ಕಳಚಿ ಧೊಪ್ಪೆಂದು ಬಿತ್ತು. ಅದರ ಕೆಳಗೆ ಐದು ನಿಮಿಷದ ಹಿಂದೆ ಫಾರೂಕ್ ಊಟಕ್ಕೆ ಕೂತಿದ್ದರು.

ನಾನು ತೊಯ್ಯುತ್ತಲೇ ಆ ಮನೆಗೆ ಹೋದೆ. ಮಲ್ಲಕ್ಕ ಕೊಡ, ಪಾತೇಲಿ, ಬೋಗುಣಿ ಎಲ್ಲ ಇಟ್ಟು ನಡುವೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಮಾಳಿಗಿ ಸೋರಾಕತ್ತೈತ್ರಿ. ಖರೇನ ಸೋರಾಕತ್ತೈತಿ."

ಆ "ಖರೇನ" ಎಂಬ ಮಾತು ನನಗೆ ಎಲ್ಲವನ್ನೂ ಹೇಳಿತು.

ಪ್ರಭುರಾಜಣ್ಣ ಬರುವಂತಿರಲಿಲ್ಲ. ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ನಡೆದಿತ್ತು. ಇನ್ನೂ ಹನ್ನೆರಡು ದಿನ ಯಾವ ಫಿಟ್ಟರಿಗೂ ರಜೆ ಇಲ್ಲ. ಮಲ್ಲಕ್ಕ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಶಾಯಿಸ್ತಾ, ಇದು ನಂದ ಕೆಲಸ. ನಾನ ತೋಡಿದ್ದೆ," ಎಂದಳು. ನಳ, ಸ್ವಿಚ್ಚು, ಚಿಲಕ, ಹಲಗೆ ಎಲ್ಲ ಒಂದೊಂದಾಗಿ ಒಪ್ಪಿಕೊಂಡಳು. "ಏನರ ಕೆಟ್ರ ಬರ್ತಾರ. ಕೆಡಲಿಲ್ಲಂದ್ರ ಯಾಕ ಬರ್ತಾರ?"

ನನಗೆ ಅಯ್ಯೋ ಅನಿಸಬೇಕಿತ್ತು. ಆದರೆ ಕಳಚಿಬಿದ್ದ ಗೋಡೆ ಕಣ್ಣ ಮುಂದಿತ್ತು, ಸಿಟ್ಟು ನೆತ್ತಿಗೇರಿತ್ತು.

"ಎಂಥಾ ಹುಚ್ಚಿ ಅದೀ ಮಲ್ಲಕ್ಕಾ! ಇವತ್ತ ನನ್ನ ಗಂಡ ಗ್ವಾಡಿ ಬುಡಕ ಸಾಯ್ತಿದ್ದ. ಬರ್ರಿ ಅಂತ ಬಾಯಿಬಿಟ್ಟು ಹೇಳು, ಇಲ್ಲಾ ಸುಮ್ಮನಿರು. ಇನ್ನೊಮ್ಮಿ ಮನ್ಯಾಗ ಒಂದ ಮೊಳಿ ಸಡ್ಲ ಮಾಡಿದ್ರೂ ನಾ ಮಾತಾಡಾಂಗಿಲ್ಲ."

ಅವಳು ತಲೆ ತಗ್ಗಿಸಿ, "ಅಮೃತಾನ ಆಣಿ, ಇನ್ಮ್ಯಾಗ ಕೆಡಸೂದಿಲ್ಲ," ಎಂದಳು. ಎರಡರಲ್ಲಿ ಒಂದನ್ನು ಆರಿಸು ಎಂದಿದ್ದೆ. ಅವಳು ಸುಮ್ಮನಿರುವುದನ್ನು ಆರಿಸಿಕೊಂಡಳು.

ಮಳೆ ನಿಂತ ಮರುದಿನ ಪ್ರಭುರಾಜಣ್ಣ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟಂತೆ ನಾವಿಬ್ಬರೇ ಮಾಳಿಗೆ ರಿಪೇರಿಗೆ ನಿಂತೆವು. ನಾನು ಫೋನ್ ಹಿಡಿದು ತೂತು ತೋರಿಸಿದೆ. ಆತ ಬಹಳ ಹೊತ್ತು ನೋಡಿದ. "ಇನ್ನಷ್ಟ ಹತ್ರ ಹಿಡೀರಿ ಟೀಚರ್ರ," ಎಂದು ಮತ್ತೆ ನೋಡಿದ. ಏನೋ ಹೇಳಲು ಹೋಗಿ ಬಿಟ್ಟು, "ಹಳ್ಳದ ದಂಡಿಯಿಂದ ಸವಳ ಮಣ್ಣ ತರ್ರಿ," ಎಂದ.

ಸವಳು ಎಂದರೆ ಬೂದಿ ಬಣ್ಣದ ಉಪ್ಪು ಮಣ್ಣು. ಬೆಳೆಗೆ ಬಾರದು, ಆದರೆ ಮಾಳಿಗೆಯ ಮೇಲೆ ಹರಡಿದರೆ ನೀರನ್ನು ಒಳಗೆ ಬಿಡುವುದಿಲ್ಲ. ಹದಿನಾಲ್ಕು ಬುಟ್ಟಿ ಹೊತ್ತೆವು. ಹಳೆಯ ಹಸಿ ಮಣ್ಣು ತೆಗೆದು, ಜಂತಿಯ ಮೇಲಿನ ಹಲಗೆ ಒಣಗಲು ಬಿಟ್ಟು, ಮಣ್ಣು ತುಂಬಿ, ನೀರು ಚಿಮುಕಿಸಿ ತುಳಿದೆವು. ಮಲ್ಲಕ್ಕ ಸೀರೆಯ ಕಚ್ಚೆ ಹಾಕಿ ಸಂಜೆಯ ತನಕ ತುಳಿದಳು. ಅವಳ ಹಿಮ್ಮಡಿ ಒಡೆದಿತ್ತು. ಬ್ಯಾಡ ಬಿಡು ಎಂದರೂ ಬಿಡಲಿಲ್ಲ. ಮೂರನೆಯ ದಿನ ನಮ್ಮ ಗೋಡೆಗೂ ತಾನೇ ಬಂದು ಗಿಲಾವು ಹಾಕಿದಳು.

ಆಮೇಲೆ ಅವಳು ನಿಲ್ಲಲೇ ಇಲ್ಲ. ಸಂತೆಯಿಂದ ಸ್ಕ್ರೂಡ್ರೈವರ್ ತಂದಳು, ವಾಷರ್ ತಂದಳು. ನಳ ತಾನೇ ಬಿಚ್ಚಿ ತಾನೇ ಹಾಕಿದಳು. ಹೊರಸಿನ ಹಗ್ಗ ಇಡಿಯಾಗಿ ಬಿಚ್ಚಿ ಹೊಸದಾಗಿ ಹೆಣೆದಳು. ಎದುರುಮನೆಯ ವಿರೂಪಾಕ್ಷಮ್ಮ ತನ್ನ ಬಾಗಿಲು ನೆಲಕ್ಕೆ ಉಜ್ಜುತ್ತದೆ ಎಂದದ್ದೇ ತಡ, ಹೋಗಿ ಬಾಗಿಲು ಎತ್ತಿಸಿ, ಬಿಜಾಗರಿ ಕೆಳಗೆ ತಗಡು ಕೊಟ್ಟು ಸರಿಮಾಡಿ ಬಂದಳು. ವಿರೂಪಾಕ್ಷಮ್ಮ ಓಣಿಗೆಲ್ಲ ಸಾರಿದಳು. "ಮಲ್ಲವ್ವ ಗಂಡಸ್ರನ್ನ ಮೀರಿಸ್ಯಾಳ ನೋಡ್ರಿ!" ನನಗೂ ಹೆಮ್ಮೆ. ನನ್ನ ಬೈಗುಳದಿಂದ ಒಬ್ಬಳು ಉದ್ಧಾರವಾದಳು ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ನಮ್ಮ ಕ್ಯಾಲೆಂಡರಿನ ಮೊಳೆಯನ್ನೂ ಅವಳೇ ಹೊಡೆದಳು.

ಪ್ರಭುರಾಜಣ್ಣನ ಫೋನು ವಾರಕ್ಕೊಮ್ಮೆ ಬರುತ್ತಿತ್ತು. ಗೋಡೆಯ ಈ ಕಡೆಯಿಂದ ನನಗೆ ಇವಳ ಮಾತಷ್ಟೇ ಕೇಳುತ್ತಿತ್ತು.

"ಇಲ್ರಿ, ಏನೂ ಕೆಟ್ಟಿಲ್ಲ. ಎಲ್ಲಾ ಛಲೋ ಐತಿ."

ಮರುವಾರ ಮತ್ತೆ. "ಏನೂ ಇಲ್ರಿ. ನಳಾನೂ ನಾನ ಮಾಡೇನಿ."

ಅದರ ಮರುವಾರ, "ಹೂಂ. ಛಲೋ ಐತಿ." ಅಷ್ಟು ಹೇಳಿ ಫೋನ್ ಇಟ್ಟಮೇಲೆ ಅವಳು ಪಾತ್ರೆ ತಿಕ್ಕಲು ಕೂರುತ್ತಿದ್ದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಶಟ್‌ಡೌನ್ ಮುಗಿದು ದಿನಗಳಾಗಿದ್ದವು, ಆದರೂ ಆತ ಬರಲಿಲ್ಲ. ಬರ್ರಿ ಎಂದು ಇವಳೂ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಬಂದ. ಅಂದು ಅಡಿಗೆಯ ಎಡೆಯನ್ನು ಚರಗವೆಂದು ಹೊಲಕ್ಕೆ ಚೆಲ್ಲಬೇಕು, ಬರಲೇಬೇಕು. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಎಲ್ಲವನ್ನೂ ಮಲ್ಲಕ್ಕ ನಸುಕಿಗೆ ಎದ್ದು ಮಾಡಿದ್ದಳು. ಪ್ರತಿ ವರ್ಷದಂತೆ ನಾನೂ ಜೊತೆಗೆ ಹೋದೆ. ಜೋಳದ ಸಾಲಿನ ನಡುವೆ ಆತ ಮುಂದೆ ಚರಗ ಚೆಲ್ಲುತ್ತ, ಇವಳು ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತಿದರು. ಭೂಮಿತಾಯಿ ಹೊಟ್ಟೆ ತುಂಬಿಸುವಾಗ ಇಬ್ಬರೂ ಜೊತೆಯಲ್ಲಿ ನಡೆಯಬೇಕು. ನಡೆದರು. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ಮನೆಗೆ ಬಂದಮೇಲೆ ಪ್ರಭುರಾಜಣ್ಣ ಮನೆಯೆಲ್ಲ ತಿರುಗಾಡಿದ. ಬಚ್ಚಲ ಬಾಗಿಲು ತೆಗೆದು ಹಾಕಿದ, ಸದ್ದಿಲ್ಲ. ನಳ ತಿರುಗಿಸಿದ, ಹನಿಯಿಲ್ಲ. ಸ್ವಿಚ್ಚು ಒತ್ತಿದ, ದೀಪ ಹತ್ತಿತು. ಮಾಳಿಗೆ ಹತ್ತಿ ಬೆಳಕಿಂಡಿಯ ಸುತ್ತ ಕಾಲಿನಿಂದ ಒತ್ತಿ ನೋಡಿದ, ಕಲ್ಲಿನಂತಿತ್ತು. ಕೆಳಗಿಳಿದು ಹೊರಸಿನ ತುದಿಯಲ್ಲಿ, ಬೀಗರ ಮನೆಗೆ ಬಂದವರು ಕೂರುವಂತೆ ಕೂತ. ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡಿದ್ದ. ಪ್ರತಿ ಸಲ ಮರುದಿನ ನಸುಕಿನ ಬಸ್ಸಿಗೆ ಹೋಗುವವನು, "ನಾಕರ ಬಸ್ಸಿಗೆ ಹೊಂಡ್ತೀನಿ," ಎಂದ.

"ಇವತ್ತನ?" ಎಂದಳು ಮಲ್ಲಕ್ಕ.

"ಮತ್ತ ಇಲ್ಲಿ ಏನ ಕೆಲಸೈತಿ? ಎಲ್ಲಾ ಛಲೋ ಮಾಡೀದಿ. ಓಟಿ ಹಾಕ್ಕೊಂಡು ಅಲ್ಲೇ ಇರ್ತೀನಿ. ಯುಗಾದಿಗಿ ಬರ್ತೀನಿ."

ಯುಗಾದಿಗೆ ಎಷ್ಟು ತಿಂಗಳು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಮಲ್ಲಕ್ಕನೂ ಎಣಿಸಿರಬೇಕು, ಅವಳ ಮುಖ ಬಿಳಿಚಿತು. ಆದರೂ ಒಳಗೆ ಹೋಗಿ ಬುತ್ತಿ ಕಟ್ಟಿಟ್ಟಳು. ಆತ ಚೀಲ ಹೆಗಲಿಗೆ ಹಾಕಿ ಹೊರಟ. ಕಟ್ಟಿಟ್ಟಿದ್ದ ಬುತ್ತಿ ಅಲ್ಲೇ ಉಳಿಯಿತು.

"ಬುತ್ತಿ ಬಿಟ್ಟು ಹೋದ್ರು," ಎಂದಳು.

"ಬುತ್ತಿ ಅಷ್ಟ ಅಲ್ಲ ಮಲ್ಲಕ್ಕಾ. ನಡಿ, ಎದ್ದೇಳು," ಎಂದು ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಬೈದು ಬಾಯಿ ಮುಚ್ಚಿಸಿದವಳು ನಾನೇ ಎಂದು ನನಗೆ ಆ ಹೊತ್ತಿಗೆ ಚೆನ್ನಾಗಿ ತಿಳಿದಿತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಐದಾರು ಜನರಿದ್ದರು. ಮಗಳ ಮನೆಗೆ ಕಡುಬು ಒಯ್ಯುವ ವಿರೂಪಾಕ್ಷಮ್ಮನೂ ಇದ್ದಳು. ಪ್ರಭುರಾಜಣ್ಣ ಬುತ್ತಿ ಇಸಿದುಕೊಂಡ. ಮಲ್ಲಕ್ಕ ಅಲ್ಲೇ ನಿಂತಳು.

"ಏನರ ಹೇಳೂದೈತೇನ?" ಎಂದ.

"ಐತ್ರಿ."

"ಏನ ಕೆಟ್ಟೈತಿ?"

"ಏನೂ ಕೆಟ್ಟಿಲ್ಲ." ಅವಳ ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಏನೂ ಕೆಡಲಿಲ್ಲಂದ್ರೂ ಬರ್ರಿ. ನನಗ ನೀವು ಬೇಕು. ನೀವಿಲ್ಲದ ಮನ್ಯಾಗ ನನಗ ಇರಾಕ ಆಗವಲ್ದು."

ವಿರೂಪಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಲ್ಲಕ್ಕ ಅದನ್ನು ನೋಡಲೇ ಇಲ್ಲ.

"ನಳ ನಾನ ಬಿಚ್ಚಿದ್ದೆ. ಸ್ವಿಚ್ಚೂ ನಾನ. ಮಾಳಿಗಿ ನಾನ ತೋಡಿದ್ದೆ. ಬೈಯ್ರಿ ಬೇಕಾದ್ರ."

"ಗೊತ್ತಿತ್ತು," ಎಂದ ಪ್ರಭುರಾಜಣ್ಣ.

ನಾವಿಬ್ಬರೂ ಆತನ ಮುಖ ನೋಡಿದೆವು.

"ಇಪ್ಪತ್ತ ವರ್ಷದಿಂದ ಸ್ಕ್ರೂ ಹಿಡದೇನಿ. ತಾನ ಸಡ್ಲಾಗಿದ್ದು ಯಾವುದು, ಬಿಚ್ಚಿದ್ದು ಯಾವುದು, ನನಗ ತಿಳಿಯೂದಿಲ್ಲೇನ? ಆ ನಳ ನೋಡಿದ ದಿನಾನ ತಿಳೀತು."

"ಮತ್ತ ಒಮ್ಮೆನೂ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಚ್ಚೂದು ಬಿಡ್ತಿದ್ದಿ."

ಆತ ರಸ್ತೆಯ ಕಡೆ ತಿರುಗಿ ನಿಂತ. ದನಿ ಸಣ್ಣದಾಯಿತು. "ವಾರಾ ವಾರಾ ಕೇಳಿದೆ, ಏನರ ಕೆಟ್ಟೈತೇನಂತ. ಏನೂ ಇಲ್ಲ ಅಂದಿ. ಎಲ್ಲಾ ನೀನ ಮಾಡ್ಕೊಂಡಿ. ಇನ್ನ ನಾ ಬ್ಯಾಡಾದೆ ಅಂದ್ಕೊಂಡೆ."

ಇಬ್ಬರೂ ಎರಡು ವರ್ಷ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದರು. ನನಗೆ ಅಳು ಬಂತು, ಇಬ್ಬರಿಗೂ ಎರಡೇಟು ಕೊಡಬೇಕೆಂದೂ ಅನಿಸಿತು.

ಬಸ್ಸು ಬಂತು. ಹತ್ತಬೇಡಿ, ನಿಲ್ಲಿರಿ ಎನ್ನಲು ಬರುವಂತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟು ಇದೆ ಎಂದು, ದಾರಿಯಲ್ಲೇ ಫೋನ್ ಮಾಡಿ ಒಪ್ಪಿಕೊಂಡುಬಿಟ್ಟಿದ್ದೇನೆ ಎಂದು ಆತನೇ ಹೇಳಿದ. ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಹೊರಗೆ ಬಗ್ಗಿ, "ಐತ್ವಾರ ರಜಾಕ್ಕ ಬರ್ತೀನಿ," ಎಂದ. ಮಲ್ಲಕ್ಕ ಹೂಂ ಎಂದಳು.

ಬಸ್ಸು ಎಲೆಕ್ಟ್ರಿಕ್ ಕಂಬಗಳನ್ನು ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಅವಳು ಅಲ್ಲಾಡಲಿಲ್ಲ. ಅಂದು ಮಂಗಳವಾರ. ಮನೆಗೆ ಹೋಗೋಣವೆಂದು ನಾನು ಕೈ ಹಿಡಿದರೆ ಅವಳು ಅಲ್ಲೇ ರಸ್ತೆಯ ಬದಿಗೆ ಕುಸಿದು ಕೂತು, ಜನ ನೋಡುತ್ತಾರೆಂಬ ಪರಿವೆ ಇಲ್ಲದೆ ದನಿ ತೆಗೆದು ಅತ್ತಳು. ಐದೈದು ವಾರ ತುಟಿ ಪಿಟಕ್ಕೆನ್ನದೆ ಕಳೆದವಳು, "ಐತ್ವಾರದ ಮಟ ಹೆಂಗ ಕಳೀಲಿ ಶಾಯಿಸ್ತಾ, ಇನ್ನೂ ಐದ ದಿನ!" ಎಂದಳು.